ಅಜ್ಜಿಯ ತೊಡೆ ಮೇಲಿನ ಬ್ಯಾಗು

ಬೆಂಗಳೂರಿನ ಮೆಟ್ರೊದಲ್ಲಿ ಆವತ್ತು ಕಾಲಿಡಲೂ ಜಾಗವಿರಲಿಲ್ಲ. ಸೀಟಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಎದುರಿಗೆ ನಿಂತಿದ್ದ ಹುಡುಗಿಯ ಬ್ಯಾಗಿಗೆ ಕೈ ಹಾಕಿ, "ಇತ್ಲಾಗ್ ಕೊಡವ್ವ" ಎಂದರು. ಹುಡುಗಿ ಬೆಚ್ಚಿ ಬ್ಯಾಗನ್ನು ಎದೆಗವಚಿಕೊಂಡಳು. ಸುತ್ತಲಿದ್ದವರೆಲ್ಲ ಅಜ್ಜಿಯನ್ನು ಕಳ್ಳಿಯಂತೆ ನೋಡಿದರು.

"ಅಯ್ಯೋ, ನಾನೇನ್ ಕಿತ್ಕಂಡ್ ಓಡೋಯ್ತೀನಾ? ಬಾರ ಒತ್ಕಂಡ್ ನಿಂತವ್ಳಲ್ಲ ಅಂತ ಕೇಳ್ದೆ ಕಣವ್ವ" ಎನ್ನುವಾಗ ಅವರ ಮುಖ ಸಣ್ಣಗಾಗಿತ್ತು.

ಮಾತು ಕೇಳಿದೊಡನೆ ನಮ್ಮ ನಾಗಮಂಗಲದ ಕಡೆಯವರೇ ಎಂದು ಪಕ್ಕದಲ್ಲಿ ನಿಂತಿದ್ದ ನನಗೆ ಗೊತ್ತಾಗಿಹೋಯಿತು. ನಮ್ಮ ಬಸ್ಸುಗಳಲ್ಲಿ ಕೂತವರು ನಿಂತವರ ಚೀಲ ಇಸ್ಕೊಂಡು ತೊಡೆ ಮೇಲಿಟ್ಟುಕೊಳ್ಳುವುದು ರೂಢಿ. ಅಲ್ಲಿ ಇಸ್ಕೊಳ್ಳದೆ ಕೂತವರನ್ನು ಕೆಕ್ಕರಿಸಿ ನೋಡುತ್ತಾರೆ, ಇಲ್ಲಿ ಕೇಳಿದವರನ್ನು.

"ನಂದು ಇಟ್ಕೊಳವ್ವ" ಎಂದು ನನ್ನ ಬ್ಯಾಗು ಕೊಟ್ಟೆ.

"ಯಾವೂರಪ್ಪ?"

"ಹೊಣಕೆರೆ."

ಅಜ್ಜಿಯ ಮುಖ ಅರಳಿತು. ಸ್ವಲ್ಪ ಹೊತ್ತಿಗೆ ಹುಡುಗಿಯೂ ನಾಚಿಕೊಂಡು ತನ್ನದನ್ನು ಕೊಟ್ಟಳು. ಅಜ್ಜಿ ಎರಡನ್ನೂ ತಬ್ಬಿಕೊಂಡು ಹಾಗೇ ನಿದ್ದೆ ಹೋದರು.

ನಾನಿಳಿಯಬೇಕಾದ ಸ್ಟೇಷನ್ ಬಂತು. ಬ್ಯಾಗಿಗೆ ಮೆಲ್ಲಗೆ ಕೈ ಚಾಚಿದೆ. ಹುಡುಗಿ ತಡೆದಳು.

"ಎಬ್ಬಿಸಬೇಡಿ ಅಂಕಲ್. ನನ್ನ ಸ್ಟೇಷನ್ ಆಗಲೇ ಹೋಯ್ತು."