ಕಂಬಳಿಯ ಮೇಲೆ ಕ್ಯಾಪ್ಟನ್‌ನ ಬೂಟು

ಗೆಳೆಯರೇ, ಇಂದು ಮಧ್ಯಾಹ್ನ ಜಮಖಂಡಿಯ ನಮ್ಮ ಪಡಸಾಲೆಯಲ್ಲಿ ಬಾಹ್ಯಾಕಾಶದ ಕ್ಯಾಪ್ಟನ್ ಒಬ್ಬ ಪಕ್ಕದ ಮನೆಯ ನೀಲವ್ವನಿಂದ ಬೈಸಿಕೊಂಡ.

ಟಿವಿಯಲ್ಲಿ ಹಳೆಯ ಇಂಗ್ಲಿಷ್ ಧಾರಾವಾಹಿಯ ಒಂದು ಕಂತು ಹಾಕಿದ್ದೆ. ರಟ್ಟಿನ ಬಂಡೆಗಳು, ಹಾರುವಾಗ ದಾರ ಕಾಣುವ ನೌಕೆ. ನೀಲವ್ವ, ಅವರ ಗಂಡ ಸಿದ್ದಪ್ಪ ನೋಡಲು ಬಂದಿದ್ದರು. ಮಾತುಗಳನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಅನ್ಯಗ್ರಹದ ರಾಕ್ಷಸ ಬಂದ. ಮೈತುಂಬ ಕರಿ ಕಂಬಳಿ, ತಲೆಯ ಮೇಲೆ ಎರಡು ಬಲ್ಬು. ಕ್ಯಾಪ್ಟನ್ ಅವನನ್ನು ಕೆಡವಿ, ಬೆನ್ನ ಮೇಲೆ ಕಾಲಿಟ್ಟು ನಿಂತ.

"ಏ ಹುಚ್ಚಪ್ಯಾಲಿ, ಬೂಟಗಾಲ ತಗೀ!" ನೀಲವ್ವ ಎದ್ದೇಬಿಟ್ಟರು.

"ಅದು ರಾಕ್ಷಸ ಐತಿ, ಸುಮ್ನ ನೋಡಲೇ" ಎಂದು ಸಿದ್ದಪ್ಪ ನಕ್ಕರು.

"ರಾಕ್ಷಸ ಆದ್ರ ಏನಾತು? ಹೊತ್ಕೊಂಡಿದ್ದು ಕಂಬಳಿ ಹೌದಲ್ಲ? ನಮ್ಮ ದೇವ್ರು ಬೀರಪ್ಪನ್ನ ಕುಂದ್ರಸೂ ಕಂಬಳಿ ತುಳೀತಾರೇನು? ನಾ ಮನಿಗಿ ಹೊಕ್ಕೇನಿ. ಇನ್ನ ಕರೀಬ್ಯಾಡ್ರಿ."

ಅವರ ಕಣ್ಣಲ್ಲಿ ನೀರಿತ್ತು. ಸಿದ್ದಪ್ಪನ ನಗು ನಿಂತಿತು. ಅಷ್ಟರಲ್ಲಿ ಕ್ಯಾಪ್ಟನ್ ಕಾಲು ತೆಗೆದು, ಬಿದ್ದಿದ್ದ ಪಿಸ್ತೂಲು ಎತ್ತಿಕೊಳ್ಳಲು ಬಗ್ಗಿ ಏನೋ ಅಂದ. ನೀಲವ್ವ ಬಾಗಿಲಲ್ಲೇ ನಿಂತರು.

"ತಮ್ಮಾ, ಏನ್ ಅನ್ನಾಕತ್ತಾನಪಾ ಅಂವಾ?"

ಅವನು ಅಂದದ್ದು, "ಭೂಮಿಗೆ ಜಯವಾಯಿತು."

"ತಪ್ಪಾತು, ಗೊತ್ತಾಗಲಿಲ್ಲ ಅನ್ನಾಕತ್ತಾನ್ರಿ" ಎಂದೆ ನಾನು.

"ಹಂಗ ಬಾ ದಾರಿಗಿ" ಎಂದು ನೀಲವ್ವ ಬಂದು ಕುಳಿತರು. "ಅಂವಗೂ ತಾಯಿ ಇರ್ತಾಳಲ್ಲ, ಕಲಿಸಿರ್ತಾಳ."

ಅನುವಾದದಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೂ ಪುಸ್ತಕ ಮುಚ್ಚಿಡುವ ಮನುಷ್ಯ ನಾನು. ಇಂದಿನ ತಪ್ಪನ್ನು ಮಾತ್ರ ತಿದ್ದಲಾರೆ; ಮೂಲಕ್ಕಿಂತ ಅದೇ ಚೆನ್ನಾಗಿತ್ತು.