ಕಟ್ಟೆಗೆ ಉಜ್ಜಿದ ಗಾಲಿ

ಎಪ್ಪತ್ತರ ದಶಕದಲ್ಲಿ ನಾನು ಸಿಂದಗಿಯ ಒಬ್ಬ ಹತ್ತಿ ವ್ಯಾಪಾರಿಯ ಬಳಿ ಆರು ವರ್ಷ ಡ್ರೈವರ್ ಆಗಿದ್ದೆ. ಊರೆಲ್ಲ ಅವನನ್ನು ಸಾವುಕಾರ ಎನ್ನುತ್ತಿತ್ತು. ಎದುರಿಗೆ ನಾನೂ ಅನ್ನುತ್ತಿದ್ದೆ. ಹಿಂದೆ ಏನನ್ನುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವಂತಿಲ್ಲ. ಅವನು ತೀರಿಕೊಂಡು ಎಷ್ಟೋ ವರ್ಷವಾಯಿತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಸಿಟ್ಟಿಗೆ ಮೂಲ ಒಂದು ಕಟ್ಟೆ. ಅವನ ಮನೆಯ ಮುಂದೆ ಬೀದಿಗೆ ಹತ್ತಿಕೊಂಡಂತೆ, ಮುದ್ದೇಬಿಹಾಳದ ಕಡೆಯಿಂದ ತರಿಸಿದ ಹಾಸುಗಲ್ಲಿನ ಕಟ್ಟೆ ಇತ್ತು. ಅವನ ಅಪ್ಪ ಕುದುರೆಯಿಂದ ನೇರ ಅದರ ಮೇಲೆ ಇಳಿಯುತ್ತಿದ್ದನಂತೆ. ಬೀದಿಯ ಮಣ್ಣಿಗೆ ಕಾಲಿಟ್ಟವನೇ ಅಲ್ಲವಂತೆ. ಕುದುರೆ ಹೋಗಿ ಅಂಬಾಸಿಡರ್ ಕಾರು ಬಂದ ಮೇಲೂ ಮಗ ಅದೇ ರಿವಾಜು ಹಿಡಿದ. ಕಾರಿನ ಬಾಗಿಲು ತೆರೆಯಬೇಕಲ್ಲ, ಅದಕ್ಕೆ ಕಟ್ಟೆಯ ಮುಂಭಾಗ ಒಡೆಸಿ ಗೇಣೆತ್ತರಕ್ಕೆ ಇಳಿಸಿದ. ಒಂದು ಹೆಜ್ಜೆ ನಡೆದರೆ ಮುಗಿಯುತ್ತಿತ್ತು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ರಾಡಿ ದೋತರಕ್ಕೆ ಹತ್ತುತ್ತದೆ, ಒಪ್ಪುತ್ತೇನೆ. ಸುಡುಬೇಸಿಗೆಯಲ್ಲೂ ಹಾಗೇ ಅಂದರೆ ಅದಕ್ಕೆ ಸೊಕ್ಕು ಎನ್ನದೆ ಬೇರೆ ಏನೆನ್ನಬೇಕು?

ಕಾರಿಗೂ ಕಟ್ಟೆಗೂ ನಡುವೆ ನಾಲ್ಕು ಬೆರಳಿನಷ್ಟು ಸಂದು ಉಳಿದರೂ ಅವನು ಇಳಿಯುತ್ತಿರಲಿಲ್ಲ. "ಇನ್ನಷ್ಟ ಹತ್ರ ತಗೋ" ಅನ್ನುವನು. ತಗೊಂಡರೆ ಎಡಗಡೆಯ ಗಾಲಿಯ ರಿಮ್ಮು ಕಲ್ಲಿನ ಅಂಚಿಗೆ ಉಜ್ಜುತ್ತಿತ್ತು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. ಅವನು ಕಟ್ಟೆಯ ಮೇಲೆ ಆರಾಮಾಗಿ ಇಳಿದು, ದೋತರ ಸರಿಮಾಡಿಕೊಂಡು, ಬಾಗಿ ಗಾಲಿ ನೋಡಿ, "ನಿನ್ನ ಕಣ್ಣಾಗ ಮಣ್ಣ ಬಿದ್ದೈತೇನೋ? ಮತ್ತ ಗಾಲಿ ಕೆಡಿಸಿದಿ" ಅನ್ನುವನು. ಕಟ್ಟೆಯ ಮೇಲೆ ಕೂತ ನಾಲ್ಕು ಮಂದಿ ನಗುವರು. ವಾರಕ್ಕೆ ಎರಡು ಸಲವಾದರೂ ಇದು ಇದ್ದದ್ದೇ.

ರಿಮ್ಮನ್ನು ಬಿಜಾಪುರಕ್ಕೆ ಒಯ್ದು ಸರಿಮಾಡಿಸೋಣ ಅಂದರೆ ಬೇಡ ಅಂದ. ತನ್ನ ಗಾಡಿಯ ಗಾಲಿ ತರಚಿದ್ದು ಪರವೂರಿನವರಿಗೆ ತಿಳಿಯಬಾರದಂತೆ. ಅಮಾವಾಸ್ಯೆಗೆ ಗಾಡಿಯ ಪೂಜೆ, ಪೂಜೆಗೆ ಗಾಲಿ ಫಳಫಳ ಹೊಳೆಯಬೇಕು. ಹೀಗಾಗಿ ಹಿಂದಿನ ದಿನವೆಲ್ಲ ನನ್ನ ಪಾಡು ಹಿತ್ತಲಲ್ಲಿ. ಜಾಕು ಕೊಟ್ಟು ಗಾಲಿ ಬಿಚ್ಚಬೇಕು. ಮಡಚಿಕೊಂಡ ಅಂಚನ್ನು ಮರದ ಕೊಡತಿಯಿಂದ ಮೆಲ್ಲಗೆ ಬಡಿದು ನೆಟ್ಟಗೆ ಮಾಡಬೇಕು. ಗೀರಿನ ಏಣುಗಳನ್ನು ಅರದಿಂದ ಉಜ್ಜಿ, ಆಮೇಲೆ ಎಮ್ರಿ ಕಾಗದದಿಂದ ತಿಕ್ಕಿ, ಪೆಟ್ರೋಲಿನ ಬಟ್ಟೆಯಿಂದ ಒರೆಸಬೇಕು, ಪಸೆ ಉಳಿದರೆ ಬಣ್ಣ ಕೂರುವುದಿಲ್ಲ. ತಗ್ಗಿದ್ದಲ್ಲಿ ಪುಟ್ಟಿ ತುಂಬಿ, ಒಣಗಿದ ಮೇಲೆ ನೀರು ಹಚ್ಚಿ ಮತ್ತೆ ತಿಕ್ಕಬೇಕು. ಕೊನೆಗೆ ಬೆಳ್ಳಿ ಬಣ್ಣ. ಕುಂಚದಲ್ಲಿ ಬಳಿದರೆ ಗೆರೆ ಕಾಣುತ್ತವೆ ಎಂದು ಹಳೆಯ ಮೆತ್ತನೆ ಬಟ್ಟೆಯ ಉಂಡೆಯಿಂದ ಒತ್ತಿ ಒತ್ತಿ ಹಚ್ಚುವುದನ್ನು ನಾನೇ ಕಲಿತೆ. ಆ ಕೆಲಸ ನನಗೆ ಬೇಕಿರಲಿಲ್ಲ. ಆದರೂ ಕೆಟ್ಟದಾಗಿ ಮಾಡಲು ಕೈ ಒಪ್ಪಲಿಲ್ಲ. ಸಾವುಕಾರ ಅಂಚಿನ ಸುತ್ತ ಉಗುರು ಎಳೆದು ನೋಡಿ "ಹಾಂ" ಅನ್ನುವನು. ಆರು ವರ್ಷದಲ್ಲಿ ಅವನ ಬಾಯಿಂದ ನಾನು ಕೇಳಿದ ಶಹಬ್ಬಾಸ್ ಅಂದರೆ ಅದೊಂದೇ.

ಇಂಡಿ, ಮನಗೂಳಿ, ಬಸವನ ಬಾಗೇವಾಡಿ, ಎಲ್ಲಿಗೆ ಹೋದರೂ ನಾನು ಒಂದು ಕೋಳಿಗೂ ಗಾಡಿ ತಾಗಿಸಲಿಲ್ಲ. ಗಾಲಿ ಕೆಟ್ಟದ್ದು ಆ ಕಟ್ಟೆಯ ಹತ್ತಿರ ಮಾತ್ರ.

ಆರನೆಯ ವರ್ಷ ಸರಕಾರಿ ಬಸ್ಸಿಗೆ ಡ್ರೈವರುಗಳನ್ನು ತಗೊಳ್ಳುತ್ತಾರೆಂದು ಸುದ್ದಿ ಬಂತು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ, ಮುಂದಿನ ವರ್ಷ ನನ್ನ ಅರ್ಜಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಹೆಂಡತಿ ಆಗಲೇ ಖಾಕಿ ಅಂಗಿ ಒಗೆದು ಒಣಹಾಕಿದಷ್ಟು ಖುಷಿಯಲ್ಲಿದ್ದಳು. ಒಂದೇ ಕೊರತೆ: ಈವರೆಗೆ ದುಡಿದ ಮಾಲಕನಿಂದ ಒಂದು ಪತ್ರ ಬೇಕಿತ್ತು. ಕೇಳಿದೆ. "ನೋಡೂಣ" ಅಂದ. ಮತ್ತೆ ಕೇಳಿದೆ. ಹತ್ತಿಯ ಸುಗ್ಗಿ ಮುಗಿಯಲಿ ಅಂದ. ಸುಗ್ಗಿ ಮುಗಿಯುವಷ್ಟರಲ್ಲಿ ಅರ್ಜಿಯ ಗಡುವೂ ಮುಗಿಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಒಂದು ದಿನ ಇಂಡಿಯಿಂದ ಅವನ ಬೀಗರು ಬಂದು ಕಟ್ಟೆಯ ಮೇಲೆ ಕೂತಿದ್ದರು. ನಾನು ಸಾವುಕಾರನನ್ನು ಅಂಗಡಿಯಿಂದ ಕರೆತಂದು, ಕಟ್ಟೆಯಿಂದ ಒಂದು ಮಾರು ದೂರ ಗಾಡಿ ನಿಲ್ಲಿಸಿ ಇಂಜಿನ್ ಆರಿಸಿದೆ.

"ಹತ್ರ ತಗೋ" ಅಂದ.

"ಗಾಲಿ ತಿಕ್ಕತೈತ್ರಿ."

"ತಿಕ್ಕಲಿ. ತಿದ್ದಾಕ ನೀ ಅದೀಯಲ್ಲ."

"ಪತ್ರದ ಮಾತ ಏನಾತ್ರಿ, ಸಾವುಕಾರ್ರ?"

ಬೀಗರು ನಮ್ಮ ಕಡೆಗೇ ನೋಡುತ್ತಿದ್ದರು. ಕನ್ನಡಿಯಲ್ಲಿ ಅವನ ಕಣ್ಣು, ನನ್ನ ಕಣ್ಣು. ಬಾಗಿಲು ತೆರೆದು ಮಣ್ಣಿಗೆ ಕಾಲಿಟ್ಟಿದ್ದರೆ ಅಲ್ಲಿಗೆ ನಾನು ಸೋತಿದ್ದೆ. ಅವನು ಇಡಲಿಲ್ಲ. ಬೆವರಿಳಿಸುತ್ತ ಅಲ್ಲೇ ಕೂತ. ಎಷ್ಟೋ ಹೊತ್ತಿನ ಮೇಲೆ ಹಲ್ಲು ಕಚ್ಚಿ, "ನಾಳೆ ಬರೀತೇನಿ, ತಗೋ" ಅಂದ. ನಾನು ಗಾಡಿ ಹತ್ತಿರ ತಗೊಂಡೆ. ಆ ಸಲ ಮಾತ್ರ ಬೇಕಂತಲೇ ಮುಂದಿನ ಗಾಲಿಯಿಂದ ಹಿಂದಿನ ಗಾಲಿವರೆಗೆ ಉಜ್ಜಿಸಿದೆ. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಎಂದೂ ಆಗಿರಲಿಲ್ಲ.

ಮಾತಿನಂತೆ ಬರೆದುಕೊಟ್ಟ. ಲಕೋಟೆ ಅಂಟಿಸಿ, "ಒಡೀಬ್ಯಾಡ, ಬಸ್ಸಿನ ಸಾಹೇಬರ ಕೈಯಾಗ ಕೊಡು" ಅಂದ. ಒಡೆದು ನೋಡು ಎಂದು ಹೆಂಡತಿ ದುಂಬಾಲು ಬಿದ್ದಳು. ನನಗೂ ಅನುಮಾನವಿತ್ತು. ಕದ್ದು ಓದುವ ಬುದ್ಧಿ ನನ್ನದಲ್ಲ ಎಂಬ ಜಂಬಕ್ಕೆ ಸುಮ್ಮನಾದೆ.

ಬಿಜಾಪುರದಲ್ಲಿ ಬಸ್ಸು ಹೊಡೆಸಿ ನೋಡಿದರು. ಹಿಂದಕ್ಕೆ ತಗೊಂಡೆ, ಏರಿನಲ್ಲಿ ನಿಲ್ಲಿಸಿದೆ, ಸಂದಿಯಲ್ಲಿ ತಿರುಗಿಸಿದೆ. ಸಾಹೇಬರು "ಚಲೋ ಹೊಡೀತೀರಿ" ಅಂದರು. ಆಮೇಲೆ ಲಕೋಟೆ ಒಡೆದು ಓದಿದರು. ಒಂದು ಸಲ ನನ್ನ ಮುಖ ನೋಡಿ, ಮತ್ತೆ ಜೋರಾಗಿಯೇ ಓದಿದರು:

"ಈ ಮನುಷ್ಯನು ನಮ್ಮಲ್ಲಿ ಆರು ವರ್ಷ ನಿಯತ್ತಿನಿಂದ ದುಡಿದಿದ್ದಾನೆ. ಗಾಲಿ ಎಷ್ಟು ಸಲ ಕಲ್ಲಿಗೆ ಉಜ್ಜಿದರೂ, ಉಜ್ಜಿದ್ದು ಯಾರಿಗೂ ತಿಳಿಯದಂತೆ ತಾನೇ ತಿದ್ದುವ ಜಾಣನಿದ್ದಾನೆ. ಇಂಥ ಕೈ ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ."

"ಎಷ್ಟ ಸಲ ಉಜ್ಜೀರಿ?" ಅಂದರು.

"ಭಾಳ ಸಲ ಆಗೈತ್ರಿ. ನಮ್ಮ ಸಾವುಕಾರ್ರು ಕೆಳಗ ಕಾಲ ಇಡೂದಿಲ್ರಿ, ಅದಕ್ಕ."

ಹೇಳುವಾಗಲೇ ನನಗೂ ಅದು ಸುಳ್ಳಿನಂತೆ ಕೇಳಿಸಿತು. ಸಾಹೇಬರು ಕಾಗದ ಮಡಚಿದರು. "ಬಸ್ಸಿನ್ಯಾಗ ಮಂದಿ ಕುಂತಿರ್ತಾರ. ತಿಳೀದಂಗ ತಿದ್ದೂವರು ನಮಗ ಬ್ಯಾಡ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಸಿಂದಗಿಗೆ ಬಂದವನು ಮನೆಗೂ ಹೋಗದೆ ನೇರ ಅವನಲ್ಲಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಕೂಡಿಟ್ಟುಕೊಂಡಿದ್ದೆ. ಅವನೇ ಮೊದಲು ಕೇಳಿದ, "ಆತೇನೋ ಕೆಲಸ?"

"ಇಲ್ರಿ."

"ಯಾಕ? ನಿನ್ನಾಗ ಇದ್ದ ಚಲೋದನ್ನೆಲ್ಲಾ ಬರದಿದ್ನಲ್ಲೋ."

ಮುಖದಲ್ಲಿ ಮೋಸ ಹುಡುಕಿದೆ. ನಗು ಎಲ್ಲಾದರೂ ಅಡಗಿದೆಯೇ ಎಂದು ನೋಡಿದೆ. ಇರಲಿಲ್ಲ. ಅವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು, ಸ್ವಲ್ಪ ಬೇಜಾರೂ ಆಗಿತ್ತು. ಮೋಸ ಮಾಡಿದ್ದರೆ ಬಾಯಿಗೆ ಬಂದಂತೆ ಬೈದು, ಕೀಲಿಕೈ ಅವನ ಮುಂದೆ ಎಸೆದು, ಹಗುರಾಗಿ ಮನೆಗೆ ಹೋಗುತ್ತಿದ್ದೆ. ಅವನು ತನಗೆ ತಿಳಿದದ್ದನ್ನೇ ಬರೆದಿದ್ದ. ಆರು ವರ್ಷ ನನ್ನ ಬೆನ್ನ ಹಿಂದೆ ಕೂತಿದ್ದ ಆ ಮನುಷ್ಯನಿಗೆ, ನಾನು ಗಾಡಿ ಹೊಡೆಯಬಲ್ಲೆ ಎಂಬುದು ಒಮ್ಮೆಯೂ ಕಂಡಿರಲಿಲ್ಲ.