ಅಧಿಕಾರಿಗಳಿಗಾಗಿ ಕಟ್ಟಿದ ಪಾಲ

ಅರಂತೋಡಿನಲ್ಲಿ ಮಡಿಕೇರಿ ರಸ್ತೆಯಿಂದ ಇಳಿದು ಅರ್ಧ ಮೈಲು ನಡೆದರೆ ನಮ್ಮ ಹೊಳೆ ಸಿಗುತ್ತಿತ್ತು. ಪಯಸ್ವಿನಿಗೆ ಸೇರುವ ಚಿಕ್ಕ ಹೊಳೆ ಅದು. ನಕ್ಷೆಯಲ್ಲಿ ಅದಕ್ಕೊಂದು ಹೆಸರು ಇದ್ದೀತೆಂದು ನಾನು ಬಹಳ ಕಾಲ ಹುಡುಕಿದ್ದೇನೆ, ಸಿಕ್ಕಿಲ್ಲ. ಹೊಳೆಯ ಆಚೆಗೆ ರಸ್ತೆ, ಬಸ್ಸು, ಅಂಚೆ ಕಚೇರಿ, ಎಂಟನೆಯ ತರಗತಿಯವರೆಗಿನ ಶಾಲೆ. ಈಚೆಗೆ ನಾವು ಕೆಲವು ಮನೆಯವರು ಮತ್ತು ಐದನೆಯ ತರಗತಿಗೆ ಮುಗಿದುಹೋಗುವ ಏಕೋಪಾಧ್ಯಾಯ ಶಾಲೆ. ಎರಡರ ನಡುವೆ ಪಾಲ.

ಕಾಲುಸಂಕವನ್ನು ನಮ್ಮ ಕಡೆ ಪಾಲ ಎನ್ನುತ್ತಾರೆ. ಎರಡು ಅಡಿಕೆ ಮರಗಳನ್ನು ಬಂಡೆಯಿಂದ ಬಂಡೆಗೆ ಅಡ್ಡ ಹಾಕಿ ಬಳ್ಳಿಯಿಂದ ಬಿಗಿದರೆ ಪಾಲ ಆಯಿತು. ನವರಾತ್ರಿಯ ಹೊತ್ತಿಗೆ ಅದನ್ನು ಕಟ್ಟುತ್ತಿದ್ದರು. ಮಳೆಗಾಲದ ಮೊದಲ ದೊಡ್ಡ ನೆರೆ ಅದನ್ನು ಒಯ್ಯುತ್ತಿತ್ತು. ಮತ್ತೆ ನವರಾತ್ರಿಯವರೆಗೆ ಈಚೆಯವರು ಈಚೆಗೇ ಇರುತ್ತಿದ್ದರು. ಇದಕ್ಕೆ ಯಾರೂ ಯಾರನ್ನೂ ದೂರುತ್ತಿರಲಿಲ್ಲ.

ನಾನು ಮಂಗಳೂರಿನಲ್ಲಿ ಬಿ.ಎ. ಮುಗಿಸಿ ಬಂದು, ಕೆಲಸಕ್ಕೆ ಅರ್ಜಿಗಳನ್ನು ಹಾಕಿ ಕಾಯುತ್ತಿದ್ದ ವರ್ಷ ಅದು. ನಾವು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು; ತಾಲೂಕು ಕಚೇರಿ ಇನ್ನೂ ಪುತ್ತೂರಿನಲ್ಲೇ ಇತ್ತು. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ಕಂಡವರಲ್ಲ. ಆದ್ದರಿಂದ ಈಚೆ ಬದಿಯ ಎಲ್ಲ ಬರವಣಿಗೆ ನನ್ನ ಪಾಲಿಗೆ ಬಂದಿತ್ತು. ನಾಲ್ಕು ಸಾಲಿನ ಅರ್ಜಿಯನ್ನೂ ನಾನು ಮೂರು ಸಲ ತಿದ್ದಿ ಬರೆಯುತ್ತಿದ್ದೆ.

ಆ ಬೇಸಗೆಯಲ್ಲಿ ನನ್ನ ತಂಗಿ ಐದನೆಯ ತರಗತಿ ಪಾಸಾದಳು. ಆರನೆಯದಕ್ಕೆ ಹೊಳೆ ದಾಟಬೇಕು. ನಾನು ಓದುವಾಗ ಮಳೆಗಾಲದಲ್ಲಿ ಆಚೆಯ ಯಾರದಾದರೂ ಜಗಲಿಯಲ್ಲಿ ಮಲಗಿ ದಿನ ಕಳೆದಿದ್ದೆ. ಹೆಣ್ಣುಮಗುವಿಗೆ ಅದು ಸಾಧ್ಯವಿಲ್ಲವೆಂದು ಅಪ್ಪ ತೀರ್ಮಾನಿಸಿದ್ದರು. ರಸ್ತೆಯ ಹತ್ತಿರವೇ ದೊಡ್ಡಪ್ಪನ ಮಗಳ ಮನೆಯಿತ್ತು. ಆದರೆ ಅದು ಅವಳು ಮದುವೆಯಾಗಿ ಹೋದ ಮನೆ. ಅಲ್ಲಿ ನಮ್ಮ ಮಗುವನ್ನು ಹೇರುವುದು ಅಪ್ಪನಿಗೆ ಸರಿಕಾಣಲಿಲ್ಲ. ಮನೆಯಲ್ಲಿ ನಮ್ಮದು ಅರೆಭಾಷೆ. ಇಲ್ಲಿ ಎಲ್ಲರಿಗೂ ತಿಳಿಯುವಂತೆ ಬರೆಯುತ್ತಿದ್ದೇನೆ.

“ಸಂಜೆ ಮನೆಗೆ ಬರ್ಲಿಕ್ಕೆ ದಾರಿ ಉಂಟಾ?” ಎಂದು ಅಪ್ಪ ಕೇಳಿದರು. “ಉಂಟಾದರೆ ಹೋಗಲಿ. ಇಲ್ಲದಿದ್ರೆ ಬೇಡ. ಓದಿದ್ದು ಸಾಕು.”

ತಂಗಿ ನನ್ನ ಕಡೆ ನೋಡಿದಳು. ಆ ನೋಟ ನನಗೆ ಈಗಲೂ ನೆನಪಿದೆ. ಬಿ.ಎ. ಆದವನ ಕೈಯಲ್ಲಿ ಒಂದು ಹೊಳೆಗೆ ಏನಾದರೂ ಮಾಡಲಿಕ್ಕಾಗುತ್ತದೆಯೋ ಇಲ್ಲವೋ ಎಂದು ಅವಳು ಪರೀಕ್ಷಿಸುತ್ತಿದ್ದಳು.

ಅದೇ ವಾರ ಸುದ್ದಿ ಬಂತು. ಪುತ್ತೂರಿನಿಂದ ಒಬ್ಬರು ಹಿರಿಯ ಅಧಿಕಾರಿಗಳು ಹಳ್ಳಿಗಳನ್ನು ನೋಡಲು ಬರುತ್ತಾರೆ, ನಮ್ಮ ಬದಿಗೂ ಬಂದು ಅಹವಾಲು ಕೇಳುತ್ತಾರೆ ಎಂದು. ಬಿನ್ನವತ್ತಳೆಯನ್ನು ನಾನು ಬರೆಯಬೇಕೆಂದು ಎಲ್ಲರೂ ನಿಶ್ಚಯಿಸಿದರು. ಕೇಳುವುದು ಒಂದೇ: ಮಳೆಗಾಲದಲ್ಲಿಯೂ ನಿಲ್ಲುವ ಕಲ್ಲುಸಿಮೆಂಟಿನ ಕಾಲುಸಂಕ.

ಬರೆಯಲು ಕುಳಿತಾಗ ನನಗೆ ಹೊಳೆಯ ಬಗ್ಗೆ ಏನೂ ಗೊತ್ತಿಲ್ಲವೆಂದು ತಿಳಿಯಿತು. ಹುಟ್ಟಿದಾಗಿನಿಂದ ದಾಟಿದ ಹೊಳೆಯ ಅಗಲವೆಷ್ಟು? ನೆರೆ ಎಲ್ಲಿಯವರೆಗೆ ಏರುತ್ತದೆ? ತಂಗಿಯನ್ನು ಕರೆದುಕೊಂಡು ಬಾವಿಯ ಹಗ್ಗದಿಂದ ಅಳೆದೆ. ಹಗ್ಗ ಸಾಲಲಿಲ್ಲ, ದನ ಕಟ್ಟುವ ಹಗ್ಗವನ್ನೂ ಸೇರಿಸಿದೆವು. ನೆರೆಯ ಎತ್ತರ ಕೇಳಲು ಮನೆಮನೆಗೆ ಹೋದೆ. ಒಬ್ಬರು ಒಂದು ಬಂಡೆ ತೋರಿಸಿದರು, ಇನ್ನೊಬ್ಬರು ಅದಕ್ಕಿಂತ ಆಳೆತ್ತರ ಮೇಲಿನ ಹಲಸಿನ ಬೇರು ತೋರಿಸಿದರು. ನಮ್ಮ ಅಜ್ಜಿ ಹಲಸಿನ ಮರದ ಕವಲನ್ನೇ ತೋರಿಸಿದರು.

“ಅಜ್ಜಿ, ಅಷ್ಟು ಮೇಲೆ ನೀರು ಬಂದರೆ ನಮ್ಮ ಮನೆಯೂ ಇರ್ತಿರ್ಲಿಲ್ಲ.”

“ನೀನು ಆಗ ಹುಟ್ಟಿದ್ಯಾ? ಇಲ್ಲ ಅಲ್ಲ? ಬರಿ ಸುಮ್ನೆ!”

ಕೊನೆಗೆ ನಾನು ಹಲಸಿನ ಬೇರನ್ನು ಬರೆದೆ. ‘ಜೀವಭಯವನ್ನು ಅಂಗೈಯಲ್ಲಿರಿಸಿಕೊಂಡು ಕಂಪಿಸುತ್ತ ದಾಟುವ ಶಿಥಿಲ ಕಾಷ್ಠಮಾರ್ಗ’ ಎಂಬ ಮಾತನ್ನೂ ಬರೆದೆ. ತಂಗಿ ಅದನ್ನು ಗಟ್ಟಿಯಾಗಿ ಓದಿ, “ಇದು ನಮ್ಮ ಪಾಲವಾ ಅಣ್ಣ? ಪಾಪ, ಅದಕ್ಕೇ ಗೊತ್ತಿಲ್ಲ!” ಎಂದು ನಕ್ಕಳು. ನಾನು ಆ ಸಾಲನ್ನು ಹೊಡೆದುಹಾಕಲಿಲ್ಲ.

ಆ ಬೇಸಗೆಯಲ್ಲಿ ಪಾಲದ ಸ್ಥಿತಿ ನಿಜವಾಗಿಯೂ ಕೆಟ್ಟಿತ್ತು. ಎರಡು ಮರಗಳಲ್ಲಿ ಒಂದು ಕೊಳೆತು ಕುಂಬಾಗಿ ಮಧ್ಯದಲ್ಲಿ ಬಗ್ಗಿತ್ತು. ಅಧಿಕಾರಿಗಳು ಒಂದು ಸಲ ಅದರ ಮೇಲೆ ಕಾಲಿಟ್ಟರೆ ನನ್ನ ಬಿನ್ನವತ್ತಳೆಯನ್ನು ಓದುವ ಅಗತ್ಯವೇ ಇರಲಿಲ್ಲ.

ಅವರು ಬರುವ ಮೂರು ದಿನ ಮೊದಲು ದೊಡ್ಡಪ್ಪ ಬೆಳಗ್ಗೆಯೇ ಕತ್ತಿ ಹಿಡಿದು ಹೊರಟರು. ಪಾಲ ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ನಮ್ಮ ಬದಿಯಲ್ಲಿ ಇರಲಿಲ್ಲ. ಮನೆಗೊಂದರಂತೆ ಅಡಿಕೆ ಮರ ಕೇಳಿದರು. ಯಾರೂ ಇಲ್ಲವೆನ್ನಲಿಲ್ಲ. ಫಲ ಬಿಡುತ್ತಿದ್ದ ಮರವನ್ನೂ ಒಬ್ಬರು ಕಡಿದುಕೊಟ್ಟರು.

“ದೊಡ್ಡಪ್ಪ, ಈಗ ಇರುವುದೇ ಸಾಕಲ್ಲವಾ?” ಎಂದೆ.

“ಎಂತ ಮಾತಾಡ್ತಿ ನೀನು? ಅಷ್ಟು ದೊಡ್ಡವರು ನಮ್ಮಲ್ಲಿಗೆ ಬರುವಾಗ ಹೊಳೆಗೆ ಬಿದ್ರೆ ಮತ್ತೆ ನಾವು ರಸ್ತೆಯಲ್ಲಿ ಮುಖ ತೋರಿಸುದು ಹೇಗೆ ಮಾರಾಯ?”

ನನಗೆ ಉತ್ತರ ಗೊತ್ತಿತ್ತು. ಆದರೆ ಬರುವ ಅತಿಥಿ ಜಾರಲಿ ಎಂದು ಹಿರಿಯರ ಎದುರು ಹೇಳುವುದು ಹೇಗೆ? ಆ ಮಾತಿಗೆ ಸಭ್ಯವಾದ ವಾಕ್ಯ ನನಗೆ ಸಿಗಲಿಲ್ಲ.

ಎರಡು ದಿನಗಳಲ್ಲಿ ಕಟ್ಟಿದ ಆ ಪಾಲವನ್ನು ನಾನು ಕುತೂಹಲದಿಂದಲೇ ನೋಡಿದೆ. ಆರು ಮರಗಳನ್ನು ಸಾಲಾಗಿ ಹಾಕಿ, ಅಡಿಯಿಂದ ಬಿದಿರಿನ ಅಡ್ಡಪಟ್ಟಿ ಕೊಟ್ಟು, ಬೆತ್ತದಿಂದ ಹೆಣೆದಿದ್ದರು. ಎರಡು ಬದಿಗೂ ಹಿಡಿದುಕೊಳ್ಳಲು ಬಿದಿರು. ಅಧಿಕಾರಿಗಳ ಬೂಟು ಜಾರಬಾರದೆಂದು ಮೇಲೆ ಮಣ್ಣು ಹಾಸಿ ತಟ್ಟಿದ್ದರು. ಎರಡು ತುದಿಗೂ ಮಾವಿನ ತೋರಣ. ಅಂಥ ಪಾಲ ನಮ್ಮ ಹೊಳೆಗೆ ಅದುವರೆಗೆ ಬಿದ್ದಿರಲಿಲ್ಲ.

ಅಧಿಕಾರಿಗಳು ಘಟ್ಟದ ಮೇಲಿನವರು, ಮಧ್ಯವಯಸ್ಸಿನವರು. ಕೊಡೆ ಬೀಸುತ್ತ ಬಂದು ಪಾಲದ ಮಧ್ಯದಲ್ಲಿ ನಿಂತರು. ಬಿದಿರು ಹಿಡಿಯಲೂ ಇಲ್ಲ. ಕೆಳಗೆ ನೋಡಿದರು. ಬೇಸಗೆಯ ಹೊಳೆ, ಪಾದ ಮುಳುಗುವಷ್ಟು ನೀರಿನಲ್ಲಿ ಮೀನಿನ ಮರಿಗಳು ಆಡುತ್ತಿದ್ದವು.

“ನೀರೇ ಇಲ್ವಲ್ರೀ,” ಎಂದರು.

“ಮಳೆಗಾಲದಲ್ಲಿ ಉಂಟು ಸ್ವಾಮಿ, ಬೇಕಾದಷ್ಟು ಉಂಟು,” ಎಂದು ದೊಡ್ಡಪ್ಪ ಹೊಳೆಯ ಪರವಾಗಿ ಭರವಸೆ ಕೊಟ್ಟರು.

ಈಚೆ ದಡದಲ್ಲಿ ಅವರಿಗಾಗಿ ಹಾಕಿದ್ದ ಚಪ್ಪರದಲ್ಲಿ ಎಳನೀರು ಕೊಟ್ಟಾದ ಮೇಲೆ ನಾನು ಎದ್ದು ಬಿನ್ನವತ್ತಳೆ ಓದಿದೆ. ಕಂಪಿಸುತ್ತ ದಾಟುವ ಕಾಷ್ಠಮಾರ್ಗದ ಸಾಲು ಬಂದಾಗ ನಮ್ಮವರೆಲ್ಲ ಹೆಮ್ಮೆಯಿಂದ ತಲೆಯಾಡಿಸಿದರು. ಅಧಿಕಾರಿಗಳು ಒಮ್ಮೆ ತಿರುಗಿ ಪಾಲವನ್ನು ನೋಡಿದರು. ತಂಗಿ ಕಂಬದ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಈ ಸಲ ನಗಲಿಲ್ಲ.

“ಬಹಳ ಚೆನ್ನಾಗಿ ಬರೆದಿದ್ದೀರಿ,” ಎಂದರು ಅಧಿಕಾರಿಗಳು ನನಗೆ. ಆಮೇಲೆ ಎಲ್ಲರನ್ನೂ ಉದ್ದೇಶಿಸಿ, “ಆದರೆ ಸೇತುವೆ ಗಟ್ಟಿಯಾಗೇ ಇದೆಯಲ್ರೀ. ಯಾರು ಕಟ್ಟಿದ್ದು?”

ದೊಡ್ಡಪ್ಪ ಮುಂದೆ ಬಂದು ಕೈಮುಗಿದರು. “ನಾವೇ ಸ್ವಾಮಿ.”

“ಭೇಷ್! ಸರ್ಕಾರದ ದಾರಿ ಕಾಯದೆ ಜನ ತಾವೇ ಮಾಡಿಕೊಂಡರೆ ಹೀಗಿರುತ್ತೆ ನೋಡಿ.” ಜೊತೆಯಲ್ಲಿದ್ದ ಗುಮಾಸ್ತರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಏನು ಬರೆದರೆಂದು ನೋಡಲು ನನಗೆ ಬಹಳ ಆಸೆಯಾಯಿತು. ನೋಡದೆಯೂ ಗೊತ್ತಿತ್ತು.

ನಾನು ಆಗ ಹೇಳಬೇಕಾಗಿತ್ತು, ಇದು ತಮಗಾಗಿ ಮೊನ್ನೆ ಕಟ್ಟಿದ್ದು ಎಂದು. ಹೇಳಲಿಲ್ಲ. ದೊಡ್ಡಪ್ಪನ ಮುಖ ಅಷ್ಟು ಬೆಳಗಿತ್ತು.

ಆಚೆ ರಸ್ತೆಯಿಂದ ಅವರ ಜೀಪು ಹೋದ ಮೇಲೆ, ಇಷ್ಟು ಗಟ್ಟಿ ಪಾಲ ಕಂಡವರು ಇನ್ನು ಸಂಕ ಕೊಡುವುದಿಲ್ಲವೆಂದು ಅಪ್ಪನಿಗೂ ದೊಡ್ಡಪ್ಪನಿಗೂ ವಿವರಿಸಿದೆ. ಎಲೆಗೆ ಸುಣ್ಣ ಸವರಿದ ದೊಡ್ಡಪ್ಪ ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ.

“ಹಾಗಾದ್ರೆ ಮಗುವಿನ ಶಾಲೆ?” ಎಂದರು.

ಅಪ್ಪ ಹೊಳೆಯ ಕಡೆ ನೋಡಿ ಹೇಳಿದರು: “ಪಾಲ ನಿಲ್ಲುವಷ್ಟು ದಿನ ಹೋಗಲಿ. ಅದು ಹೋದ ದಿನ ನಿಲ್ಲಿಸುದು.”

ಹೀಗೆ ತಂಗಿ ಅಧಿಕಾರಿಗಳ ಪಾಲದ ಮೇಲೆ ಆರನೆಯ ತರಗತಿಗೆ ಹೋದಳು. ಮಳೆ ಹಿಡಿಯಿತು. ಬೇರೆ ವರ್ಷಗಳಲ್ಲಿ ಮೊದಲ ನೆರೆಗೇ ಹೋಗುತ್ತಿದ್ದ ಪಾಲ ಈ ಸಲ ಎರಡು ನೆರೆಗೂ ಜಗ್ಗಲಿಲ್ಲ. ದೊಡ್ಡಪ್ಪ ದಿನವೂ ಹೋಗಿ ಬೆತ್ತ ಬಿಗಿದು ಬರುತ್ತಿದ್ದರು. ತಂಗಿ ಹಲಸಿನ ಬೇರಿನ ಪಕ್ಕದ ಬಂಡೆಗೆ ಸುಣ್ಣದ ಗೆರೆ ಎಳೆದು ನೀರು ಎಷ್ಟು ಏರಿತೆಂದು ದಿನವೂ ನನಗೆ ವರದಿ ಒಪ್ಪಿಸುತ್ತಿದ್ದಳು. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ. ಹೊಳೆಯನ್ನು ಓದಲು ನಾನು ಕಲಿತದ್ದು ಆ ದಿನಗಳಲ್ಲಿ.

ಒಂದು ಮಧ್ಯಾಹ್ನ ಘಟ್ಟದ ಕಡೆ ಕಪ್ಪಾಗಿ ಮಳೆ ಹೊಡೆಯಿತು. ನಾನೂ ದೊಡ್ಡಪ್ಪನೂ ಓಡಿ ಬರುವಾಗ ನೀರು ಕೊನೆಯ ಸುಣ್ಣದ ಗೆರೆಯನ್ನು ದಾಟಿತ್ತು. ನಮ್ಮ ಕಣ್ಣೆದುರಿಗೇ ಆರು ಮರಗಳೂ ಒಟ್ಟಿಗೆ, ಒಂದರಿಂದ ಒಂದು ಬಿಡದೆ, ಚಾಪೆಯಂತೆ ತೇಲಿಹೋದವು.

“ನೋಡು, ಕಟ್ಟು ಬಿಟ್ಟಿಲ್ಲ,” ಎಂದರು ದೊಡ್ಡಪ್ಪ.

ಪಾಲ ಹೋದ ದಿನ ಶಾಲೆ ನಿಲ್ಲಬೇಕೆಂದು ಅಪ್ಪ ಹೇಳಿದ್ದರು. ಆದರೆ ಪಾಲ ಹೋದಾಗ ತಂಗಿ ಶಾಲೆಯಲ್ಲಿದ್ದಳು. ಸಂಜೆ ಅವಳು ಆಚೆ ದಡದಲ್ಲಿ ಚೀಲ ಹಿಡಿದು ನಿಂತಳು. ಈಚೆ ದಡದಲ್ಲಿ ಅಪ್ಪ. ನಡುವೆ ಕೆಂಪು ನೀರು. ಕರೆತರಲು ದಾರಿಯಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ದೊಡ್ಡಪ್ಪನ ಮಗಳು ಬಂದು ಅವಳ ಕೈ ಹಿಡಿದುಕೊಂಡು ಹೋದಳು.

“ನನ್ನ ಮಗಳ ಮನೆ ನಿನಗೆ ಪರರ ಮನೆಯಾ?” ಎಂದು ದೊಡ್ಡಪ್ಪ ಅಪ್ಪನನ್ನು ಕೇಳಿದ್ದಕ್ಕೆ, “ನೀರು ಇಳಿಯುವ ತನಕ,” ಎಂದಷ್ಟೇ ಉತ್ತರ ಬಂತು. ನೀರು ಇಳಿದರೆ ಅವಳನ್ನು ಕರೆತಂದು ಮನೆಯಲ್ಲಿ ಕೂರಿಸುತ್ತಾರೆಂದು ನನಗೆ ತಿಳಿಯಿತು.

ಆ ರಾತ್ರಿಯೇ ಅಧಿಕಾರಿಗಳಿಗೆ ಮೂರು ಪುಟಗಳ ಪತ್ರ ಬರೆದೆ. ಬೆಳಗ್ಗೆ ಅದನ್ನು ಮಡಿಸುವಾಗ ಹೊಳೆಯಿತು: ಅಂಚೆ ಕಚೇರಿ ಆಚೆಗಿದೆ. ಪಾಲ ಇಲ್ಲವೆಂಬ ಪತ್ರವನ್ನು ಅಂಚೆಗೆ ಹಾಕಲು ಪಾಲ ಬೇಕಾಗಿತ್ತು.

ಮೇಲ್ಗಡೆ ಎರಡು ಬಂಡೆಗಳ ನಡುವೆ ಹೊಳೆ ಕಿರಿದಾಗುವ ಜಾಗವೊಂದಿತ್ತು. ಪತ್ರವನ್ನು ಅಡಿಕೆ ಹಾಳೆಯಲ್ಲಿ ಸುತ್ತಿ, ಒಳಗೆ ಕಲ್ಲು ಕಟ್ಟಿ, ಆಚೆ ದಡಕ್ಕೆ ಬಂದಿದ್ದ ತಂಗಿಯನ್ನು ಕೈಸನ್ನೆಯಿಂದ ಅಲ್ಲಿಗೆ ಕರೆದು ನಾನೇ ಎಸೆದೆ. ಮೂರು ಪುಟಗಳೂ ನೀರಿಗೆ ಬಿದ್ದವು.

“ಓದಿದ ಕೈ!” ಎಂದು ದೊಡ್ಡಪ್ಪ ನಕ್ಕರು. “ಇನ್ನೊಂದು ಬರಿ. ಭಾರ ಕಮ್ಮಿ ಇರಲಿ.”

ಎರಡನೆಯದನ್ನು ಅಲ್ಲಿಯೇ ಕೊಡೆಯ ಕೆಳಗೆ, ಮೊಣಕಾಲಿನ ಮೇಲೆ ಬರೆದೆ. ತಾವು ದಾಟಿದ ಪಾಲ ತಾವು ಬರುವರೆಂದು ಕಟ್ಟಿದ್ದು. ಅದಕ್ಕಿಂತ ಮೊದಲು ಅಲ್ಲಿ ಎರಡು ಮರಗಳಿದ್ದವು. ಈಗ ಅವೂ ಇಲ್ಲ. ನನ್ನ ತಂಗಿ ಆಚೆ ಇದ್ದಾಳೆ, ನಾವು ಈಚೆ ಇದ್ದೇವೆ. ತಿದ್ದಲು ಸಮಯವಿರಲಿಲ್ಲ. ದೊಡ್ಡಪ್ಪ ಎಸೆದದ್ದು ತಂಗಿಯ ಕಾಲ ಬಳಿಯೇ ಬಿತ್ತು.

ಎರಡು ವಾರವಾದರೂ ಮಳೆ ಬಿಡಲಿಲ್ಲ. ಆಟಿ ತಿಂಗಳ ಒಂದು ಬೆಳಗ್ಗೆ ಆಚೆ ದಡದಲ್ಲಿ ಕೊಡೆ ಹಿಡಿದ ಒಬ್ಬರು ಕಾಣಿಸಿದರು. ಅದೇ ಅಧಿಕಾರಿಗಳು. ಪಕ್ಕದಲ್ಲಿ ಮಳೆಗೆ ತಲೆಯ ಮೇಲಿಂದ ಎಲೆಯ ಗೊರಬೆ ಹಾಕಿಕೊಂಡು ತಂಗಿ ನಿಂತಿದ್ದಳು. ದೊಡ್ಡಪ್ಪ ಮನೆಗೆ ಓಡಿದರು. ನಾನೂ ಅಪ್ಪನೂ ಕೈಮುಗಿದೆವು. ಅವರು ಏನೋ ಕೂಗಿದರು. ನೀರಿನ ಸದ್ದಿನಲ್ಲಿ ಒಂದಕ್ಷರವೂ ಕೇಳಲಿಲ್ಲ. ಆಮೇಲೆ ಅವರು ಬಗ್ಗಿ ತಂಗಿಯನ್ನು ಏನೋ ಕೇಳಿದರು. ಅವಳು ನಮ್ಮ ಮನೆಯ ಕಡೆ ಬೆರಳು ತೋರಿಸಿದಳು, ಹಲಸಿನ ಬೇರನ್ನು ತೋರಿಸಿದಳು, ಬೆರಳು ಮಡಿಸಿ ಏನನ್ನೋ ಎಣಿಸಿದಳು. ಅವರು ಬಹಳ ಹೊತ್ತು ಕೇಳಿಸಿಕೊಂಡರು. ನಾನು ಬರೆದ ಬಿನ್ನವತ್ತಳೆಗೆ ಅಷ್ಟು ಹೊತ್ತು ಸಿಕ್ಕಿರಲಿಲ್ಲ.

ಅಪ್ಪ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. “ಎಂತ ಹೇಳ್ತಿದ್ದಾಳೆ ಅವಳು ಅಷ್ಟು?” ಎಂದರು. ಸ್ವಲ್ಪ ಹೊತ್ತಿನ ಮೇಲೆ ತಮ್ಮಷ್ಟಕ್ಕೆ, “ನೀರು ಇಳಿದರೂ ಅಲ್ಲೇ ಇರಲಿ. ನವರಾತ್ರಿಗೆ ಬರಲಿ,” ಎಂದರು.

ಸಿಮೆಂಟಿನ ಸಂಕ ಬರಲು ಮತ್ತೆ ಎರಡು ಮಳೆಗಾಲ ಹಿಡಿಯಿತು. ಅಂದು ಏನು ಹೇಳಿದೆಯೆಂದು ತಂಗಿಯನ್ನು ಎಷ್ಟೋ ಸಲ ಕೇಳಿದ್ದೇನೆ. “ನಿನ್ನ ಹಾಗೆ ಬರೀಲಿಕ್ಕೆ ನನಗೆ ಬರುದಿಲ್ಲ ಅಲ್ಲ, ಕಂಡದ್ದು ಹೇಳಿದೆ,” ಎನ್ನುತ್ತಾಳೆ, ಹೆಚ್ಚು ಹೇಳುವುದಿಲ್ಲ.

ಆ ಬೆಳಗ್ಗೆ ಅಧಿಕಾರಿಗಳು ಕೈ ಬೀಸಿ ತಿರುಗಿದಾಗ ದೊಡ್ಡಪ್ಪ ಏದುಸಿರು ಬಿಡುತ್ತ ದಡಕ್ಕೆ ಬಂದರು. ಅವರ ಕೈಯಲ್ಲಿ ಮೂತಿ ಕೆತ್ತಿದ ಎಳನೀರಿತ್ತು. ಕೊಡೆ ದಾರಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವರು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಮಳೆಯ ನೀರು ಒಳಗೆ ಬೀಳದಂತೆ ಅಂಗೈ ಮುಚ್ಚಿ ನಿಂತಿದ್ದರು.